ಒಂದೇ ಅಂಗಳ, ಎರಡು ಗೂಡು: ಕೋಳಿ ಮತ್ತು ಬಾತುಗಳನ್ನು ಜೊತೆಯಲ್ಲಿ ಸಾಕುವ ಬಗೆ

ಎಲ್ಲರಿಗೂ ನಮಸ್ಕಾರ.

ಹಿತ್ತಲಲ್ಲಿ ಕೋಳಿ ಸಾಕಿ ಕೈ ಪಳಗಿದವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೊಂದಿದೆ: "ಇವುಗಳ ಜೊತೆ ನಾಲ್ಕು ಬಾತು ಬಿಟ್ಟರೆ ಆಗುತ್ತದೆಯೇ?" ಆಗುತ್ತದೆ. ಹಾಗೆ ಕೇಳಿದವರನ್ನು ನಾನು ಮರಳಿ ಕೇಳುವುದು ಒಂದೇ ಮಾತು. ನೀರು ಎಲ್ಲಿಡುತ್ತೀರಿ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದನ್ನೆಲ್ಲ ಸಂಭಾಳಿಸಬಹುದು. ಇವತ್ತು ನಾನು ಹೇಳುವುದರಲ್ಲಿ ಬಹುಪಾಲು ಈ ನೀರಿನ ಸುತ್ತಲೇ ಇದೆ.

ಕೋಳಿಯ ಮೂಲ ಕೆಂಪು ಕಾಡುಕೋಳಿ. ತರಗೆಲೆ ಕೆದಕಿ ಹುಳ ಹೆಕ್ಕುವುದು, ಮಣ್ಣಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ಳುವುದು, ಕತ್ತಲಾದೊಡನೆ ಕೊಂಬೆ ಏರಿ ಕೂರುವುದು ಅದರ ರೀತಿ. ಸಾಕುಬಾತುಗಳಲ್ಲಿ ಹೆಚ್ಚಿನವು ಹಸಿರುತಲೆಯ ಮಲ್ಲಾರ್ಡ್ ಎಂಬ ಕಾಡುಬಾತಿನಿಂದ ಬಂದವು. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೋವಿ ಮಾತ್ರ ಅಮೆರಿಕ ಖಂಡದ ಬೇರೆಯೇ ಜಾತಿ. ಕೋಳಿಯ ಬದುಕು ಒಣ, ಬಾತಿನ ಬದುಕು ಒದ್ದೆ. ಇವೆರಡನ್ನೂ ಒಂದು ಗೂಡಿಗೆ ತುಂಬಿದಾಗ ಒದ್ದೆಯೇ ಗೆಲ್ಲುತ್ತದೆ, ಸೋಲುವುದು ಕೋಳಿ.

ಬಾತು ನೀರನ್ನು ಬರೀ ಕುಡಿಯುವುದಕ್ಕೆ ಬಳಸುವುದಿಲ್ಲ. ಕೊಕ್ಕನ್ನು ಮೂಗಿನ ಹೊಳ್ಳೆ ದಾಟುವಷ್ಟು ಆಳಕ್ಕೆ ಮುಳುಗಿಸಿ ಕಣ್ಣು, ಮೂಗು ತೊಳೆದುಕೊಳ್ಳಬೇಕು. ಅದಿಲ್ಲದಿದ್ದರೆ ಕಣ್ಣಲ್ಲಿ ಪಿಸಿರು ಕಟ್ಟಿ ಸೋಂಕಾಗುತ್ತದೆ. ಒಂದು ಬಾಯಿ ತಿಂದು, ನೀರಿಗೆ ಓಡಿ, ಬಾಯಿ ಮುಕ್ಕಳಿಸಿ, ಸುತ್ತ ಚೆಲ್ಲಿ ಮತ್ತೆ ತಿನ್ನಲು ಬರುತ್ತದೆ. ಅದರ ಹಿಕ್ಕೆಯೂ ಕೋಳಿಯದಕ್ಕಿಂತ ನೀರು ನೀರು. ಗೂಡಿನ ಹೊಟ್ಟು ಎರಡೇ ದಿನಕ್ಕೆ ಕೆಸರಾಗಿ ಅಮೋನಿಯಾದ ಘಾಟು ಏಳುವುದು ಹೀಗೆ. ಆ ಘಾಟು ಕೋಳಿಯ ಕಣ್ಣು, ಉಸಿರಿನ ದಾರಿ ಎರಡನ್ನೂ ಸುಡುತ್ತದೆ.

ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಬಂದಾಗ ಬಾತು ಸಾಕಿದ್ದೇ ತಪ್ಪಾಯಿತು, ಅವೇ ರೋಗ ತಂದವು ಎನ್ನುವವರಿದ್ದಾರೆ. ಇಲ್ಲಿ ತಿಳಿಯಬೇಕಾದ ಸಂಗತಿ ಇದೆ. ಕೋಳಿಗೆ ಆ ರೋಗ ತರುವ ಐಮೀರಿಯಾ ಜೀವಿಗಳು ಕೋಳಿಯದ್ದೇ. ಬಾತಿನದ್ದು ಬೇರೆ, ಅದು ಕೋಳಿಗೆ ಅಂಟುವುದಿಲ್ಲ. ಆದರೆ ಕೋಳಿಯ ಹಿಕ್ಕೆಯಲ್ಲಿ ಬಿದ್ದ ಆ ಜೀವಿಯ ತತ್ತಿ ಸೋಂಕು ಹರಡುವಷ್ಟು ಬಲಿಯಬೇಕಾದರೆ ತೇವ ಮತ್ತು ಬೆಚ್ಚಗಿನ ಜಾಗ ಬೇಕು. ಆ ತೇವವನ್ನು ಬಾತು ಒದಗಿಸಿಕೊಡುತ್ತದೆ. ಹಾಗಾಗಿ ಔಷಧಿಗಿಂತ ಮೊದಲು ನೀರಿನ ಪಾತ್ರೆಯ ಜಾಗ ಬದಲಿಸಿ ನೋಡಿ.

ನಾನು ಹೇಳುವ ವ್ಯವಸ್ಥೆ ಇದು. ಹಗಲು ಅಂಗಳ ಒಂದೇ, ರಾತ್ರಿ ಗೂಡು ಎರಡು. ಎರಡು ಗೂಡು ಕಟ್ಟಲಾಗದಿದ್ದರೆ ನಡುವೆ ಗಟ್ಟಿ ತಡಿಕೆಯಾದರೂ ಇರಲಿ. ಬಾತುಗಳ ನೀರನ್ನು ಅಂಗಳದ ತಗ್ಗಿನ ಮೂಲೆಯಲ್ಲಿ, ಕೋಳಿಗೂಡಿನಿಂದ ಆದಷ್ಟು ದೂರದಲ್ಲಿ ಇಡಿ. ಅಲ್ಲೊಂದು ಗುಂಡಿ ತೋಡಿ, ಜಲ್ಲಿ ತುಂಬಿ, ಮೇಲೆ ಜಾಲರಿ ಹಾಸಿ, ಅದರ ಮೇಲೆ ಪಾತ್ರೆ ಇಟ್ಟರೆ ಚೆಲ್ಲಿದ್ದು ಕೆಳಕ್ಕೆ ಇಳಿಯುತ್ತದೆ. ಪಾತ್ರೆ ಆಳವಾಗಿರಲಿ, ಬಾಯಿ ಕಿರಿದಾಗಿರಲಿ. ತಲೆ ಹೋಗಬೇಕು, ಮೈ ಹೋಗಬಾರದು. ಮೀಯಲು ಬೇರೆ ತೊಟ್ಟಿ ಇಡಬಹುದು, ಆದರೆ ಅದರೊಳಗೆ ಕಲ್ಲು ಜೋಡಿಸಿ ಹತ್ತಿ ಬರುವ ದಾರಿ ಮಾಡಿ, ಏಕೆಂದರೆ ಕೋಳಿಮರಿ ಬಿದ್ದರೆ ಮುಳುಗುತ್ತದೆ. ಕೋಳಿಗಳ ನೀರು ಗೂಡಿನ ಹತ್ತಿರ, ಅವುಗಳ ಬೆನ್ನಿನ ಎತ್ತರಕ್ಕೆ ಇರಲಿ.

ರಾತ್ರಿ ಬಾತುಗಳ ಗೂಡಲ್ಲಿ ನೀರಿಡದಿದ್ದರೆ ಒಣ ಆಹಾರವನ್ನೂ ಇಡಬೇಡಿ. ನೀರಿಲ್ಲದೆ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೆಳೆದ ಬಾತು ಒಂದು ರಾತ್ರಿ ಎರಡೂ ಇಲ್ಲದೆ ಇರಬಲ್ಲದು. ಬೆಳಗಾದ ಕೂಡಲೇ ಎರಡನ್ನೂ ಕೊಡಬೇಕು, ಅಷ್ಟೆ.

ರಾತ್ರಿ ಬೇರೆ ಮಾಡುವುದಕ್ಕೆ ಇನ್ನೂ ಕಾರಣಗಳಿವೆ. ಕೋಳಿಗೆ ಇರುಳಲ್ಲಿ ಕಣ್ಣು ಸರಿಯಾಗಿ ಕಾಣದು, ಕತ್ತಲಲ್ಲಿ ಮೇಲೇರಿ ಅಲುಗಾಡದೆ ಕೂರುತ್ತದೆ. ಬಾತು ನೆಲದ ಮೇಲೆಯೇ ಮಲಗುತ್ತದೆ, ಅದೂ ಅರೆ ಎಚ್ಚರದಲ್ಲಿ. ಗುಂಪಿನ ಅಂಚಿನಲ್ಲಿ ಮಲಗಿದ ಬಾತು ಒಂದು ಕಣ್ಣು ತೆರೆದು, ಮೆದುಳಿನ ಅರ್ಧವನ್ನು ಎಚ್ಚರವಾಗಿಟ್ಟುಕೊಂಡೇ ನಿದ್ರಿಸಬಲ್ಲದು ಎಂದು ಮಲ್ಲಾರ್ಡ್‌ಗಳ ಮೇಲೆ ನಡೆದ ಅಧ್ಯಯನ 1999ರಲ್ಲಿ ತೋರಿಸಿಕೊಟ್ಟಿತು. ನಡುರಾತ್ರಿ ಅವು ಎದ್ದು ಓಡಾಡುವುದೂ ಉಂಟು. ಒಂದೇ ಗೂಡಲ್ಲಿದ್ದರೆ ಕೋಳಿಗೆ ನಿದ್ದೆಗೇಡು, ಮೇಲಿಂದ ಬೀಳುವ ಹಿಕ್ಕೆಯಿಂದ ಬಾತಿಗೆ ಮೈಗೇಡು.

ಇನ್ನು ಮರಿಗಳ ವಿಷಯ. ಕೋಳಿಮೊಟ್ಟೆ 21 ದಿನಕ್ಕೆ ಒಡೆಯುತ್ತದೆ, ಬಾತಿನದು 28 ದಿನಕ್ಕೆ, ಮಸ್ಕೋವಿಯದು ಸುಮಾರು 35 ದಿನಕ್ಕೆ. ಮೊದಲ ವಾರ ಕೋಳಿಮರಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಬಾತುಮರಿ ಬೇಗ ಬೆಳೆದು ಆ ಶಾಖವನ್ನು ಬೇಗ ಬೇಡವೆನ್ನುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಬೆಳೆಸಿದರೆ ಬಾತುಮರಿ ನೀರೆರಚಿ ಕೋಳಿಮರಿಯ ನವಿರುಗರಿಯನ್ನು ತೋಯಿಸುತ್ತದೆ. ತೊಯ್ದ ಕೋಳಿಮರಿ ಚಳಿ ಹಿಡಿದು ಸಾಯುತ್ತದೆ. ಮರಿಗಳ ಪೆಟ್ಟಿಗೆಯಂತೂ ಬೇರೆ ಬೇರೆಯೇ ಇರಬೇಕು. ಇದರಲ್ಲಿ ರಾಜಿ ಬೇಡ.

ಆಹಾರದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ನಯಾಸಿನ್, ಬಿ ಗುಂಪಿನ ವಿಟಮಿನ್. ಬಾತುಮರಿಗೆ ಇದು ಕೋಳಿಮರಿಗಿಂತ ಹೆಚ್ಚು ಬೇಕು. ಒಂದು ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ಎನ್ನುವುದು ಸಾಮಾನ್ಯ ಲೆಕ್ಕ. ಇದು ಕಡಿಮೆಯಾದರೆ ಕಾಲು ಬಿಲ್ಲಿನಂತೆ ಬಾಗುತ್ತದೆ, ಹಿಮ್ಮಡಿಯ ಗಂಟು ಊದುತ್ತದೆ, ಮರಿ ನಡೆಯುವುದನ್ನೇ ಬಿಡುತ್ತದೆ. ಕೋಳಿಮರಿಯ ಆಹಾರವನ್ನೇ ಕೊಡುವುದಾದರೆ ನಯಾಸಿನ್ ಹೇರಳವಾಗಿರುವ ಬ್ರೂವರ್ಸ್ ಯೀಸ್ಟ್, ಅಂದರೆ ಬಿಯರ್ ತಯಾರಿಕೆಯ ಯೀಸ್ಟ್, ಬೆರೆಸಿ ಕೊಡಿ. ಅದರಿಂದ ಕೋಳಿಮರಿಗೆ ತೊಂದರೆಯಿಲ್ಲ. ಔಷಧಿ ಬೆರೆತ ಆಹಾರದ ಚೀಲ ತರುವಾಗ ಮಾತ್ರ ಎಚ್ಚರ. ಕೋಳಿಗೆಂದು ಬೆರೆಸಿದ ಕೆಲವು ಔಷಧಿಗಳು ಬಾತಿಗೆ ವಿಷವಾಗಬಲ್ಲವು. ಔಷಧಿಯಿಲ್ಲದ ಆಹಾರ ಸಿಗುವುದಾದರೆ ಅದನ್ನೇ ಆರಿಸಿಕೊಳ್ಳಿ.

ಬೂಷ್ಟು ಹಿಡಿದ ಜೋಳ, ಹಳೆಯ ಕಡಲೆಕಾಯಿ ಹಿಂಡಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು. ಬಾತುಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಶಿಲೀಂಧ್ರವೊಂದು ಉಂಟುಮಾಡಿದ ವಿಷ ಸಿಕ್ಕಿತು. ಅದೇ ಅಫ್ಲಾಟಾಕ್ಸಿನ್. ಬಾತುಮರಿ ಈ ವಿಷಕ್ಕೆ ಎಷ್ಟು ಸೂಕ್ಷ್ಮವೆಂದರೆ, ಆ ಕಾಲದ ಪ್ರಯೋಗಾಲಯಗಳು ವಿಷ ಇದೆಯೇ ಇಲ್ಲವೇ ಎಂದು ಪತ್ತೆಮಾಡಲು ಒಂದು ದಿನದ ಬಾತುಮರಿಗಳನ್ನೇ ಬಳಸುತ್ತಿದ್ದವು. ಕೋಳಿ ತಿಂದು ಅರಗಿಸಿಕೊಂಡಂತೆ ಕಾಣುವ ಆಹಾರವೇ ಬಾತಿನ ಯಕೃತ್ತನ್ನು ಕೆಡಿಸಬಲ್ಲದು. ಮುಗ್ಗಲು ವಾಸನೆ ಬಂದ ಚೀಲವನ್ನು ಬಿಸಿಲಿಗೆ ಒಣಗಿಸಿ ಹಾಕೋಣ ಎಂದುಕೊಳ್ಳಬೇಡಿ. ಬಿಸಿಲಿಗೆ ವಾಸನೆ ಹೋದೀತು, ವಿಷ ಉಳಿದೇ ಇರುತ್ತದೆ.

ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ಕ್ಯಾಲ್ಸಿಯಂ ಶೇಕಡಾ 3.5ರಿಂದ 4ರಷ್ಟಿರುತ್ತದೆ. ಹುಂಜ, ಗಂಡು ಬಾತು, ಬೆಳೆಯುವ ಮರಿಗಳಿಗೆ ಅಷ್ಟು ಬೇಡ, ಮೂತ್ರಪಿಂಡಕ್ಕೆ ಹೊರೆ. ಕೋಳಿ, ಬಾತು ಕೂಡಿದ ಗುಂಪಿಗೆ ಎಲ್ಲಕ್ಕೂ ಹೊಂದುವ ಸಾಮಾನ್ಯ ಆಹಾರವನ್ನೇ ಕೊಟ್ಟು, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದವು ಬೇಕಾದಷ್ಟು ತಿನ್ನುತ್ತವೆ.

ಈಗ ತಳಿಗಳಿಗೆ ಬರುತ್ತೇನೆ. ಬಣ್ಣಬಣ್ಣದ ಹಿಂಡು ನೋಡಲು ಚೆನ್ನ, ಆದರೆ ತಳಿ ಆರಿಸುವಾಗ ಬಣ್ಣವಲ್ಲ, ಗಾತ್ರ ಮತ್ತು ಗುಣ ನೋಡಬೇಕು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು ಕೀಳಿನ ಸರಣಿ ಇದೆ ಎಂಬುದನ್ನು ನಾರ್ವೆಯ ಥೋರ್ಲೀಫ್ ಶೆಲ್ಡರುಪ್ ಎಬ್ಬೆ 1920ರ ದಶಕದ ಆರಂಭದಲ್ಲಿ ವಿವರಿಸಿದರು. ರೋಡ್ ಐಲೆಂಡ್ ರೆಡ್‌ನಂಥ ಮೈಕಟ್ಟಿನ ಕೋಳಿಗಳ ನಡುವೆ ಒಂದೇ ಒಂದು ಗಿಡ್ಡ ಬ್ಯಾಂಟಮ್ ಬಿಟ್ಟರೆ ಅದಕ್ಕೆ ಆಹಾರವೇ ಸಿಗದೆ ಹೋಗಬಹುದು. ತಲೆಯ ಮೇಲೆ ಗರಿಯ ಗೊಂಡೆಯಿರುವ ಪೋಲಿಷ್ ತಳಿಗೆ ಪಕ್ಕದಿಂದ ಬರುವುದು ಕಾಣುವುದಿಲ್ಲ. ಗೊಂಡೆಯನ್ನೇ ಉಳಿದವು ಕಿತ್ತು ರಕ್ತ ಬರಿಸುತ್ತವೆ. ಕಾಳಗಕ್ಕೆಂದೇ ಬೆಳೆದುಬಂದ ಅಸೀಲ್ ಹುಂಜವನ್ನು ಇನ್ನೊಂದು ಹುಂಜದ ಜೊತೆ ಬಿಡುವ ಯೋಚನೆಯೇ ಬೇಡ. ಹೊಸದನ್ನು ಒಂಟಿಯಾಗಿ ಸೇರಿಸಬೇಡಿ. ಎರಡೋ ಮೂರೋ ಒಟ್ಟಿಗಿರಲಿ, ಒಂದು ವಾರ ಜಾಲರಿಯ ಆಚೆಯಿಂದ ಮುಖ ನೋಡಿಕೊಳ್ಳಲಿ.

ಮಿಶ್ರತಳಿಯ ಮರಿ ಮಾಡುವವರಿಗೆ ಇಲ್ಲೊಂದು ಸೊಗಸಾದ ಶಾಸ್ತ್ರವಿದೆ. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೋಗುವ ಬಗ್ಗೆ ಮೆಂಡಲ್ ಎಂಬ ವಿಜ್ಞಾನಿ ಬಟಾಣಿಯಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟಿನಲ್ಲೇ. ಗುಲಾಬಿ ಜುಟ್ಟಿನ ಶುದ್ಧ ತಳಿಯನ್ನು ಬಟಾಣಿ ಜುಟ್ಟಿನ ಶುದ್ಧ ತಳಿಗೆ ಕೂಡಿಸಿದರೆ ಎರಡೂ ಅಲ್ಲದ ಅಕ್ರೋಟಿನಾಕಾರದ ಜುಟ್ಟು ಹುಟ್ಟುತ್ತದೆ. ರೋಡ್ ಐಲೆಂಡ್ ರೆಡ್ ಹುಂಜವನ್ನು ಪಟ್ಟೆ ಗರಿಯ ಪ್ಲೈಮೌತ್ ರಾಕ್ ಹೇಂಟೆಗೆ ಬಿಟ್ಟರೆ, ಹುಟ್ಟಿದ ದಿನವೇ ಗಂಡು ಹೆಣ್ಣು ಹೇಳಬಹುದು: ಗಂಡು ಮರಿಯ ನೆತ್ತಿಯ ಮೇಲೆ ಬಿಳಿ ಚುಕ್ಕೆ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಹುಂಜವನ್ನು ಪಟ್ಟೆಯದು, ಹೇಂಟೆಯನ್ನು ಕೆಂಪಿನದು ಮಾಡಿದರೆ ಈ ಗುರುತು ಸಿಗದು. ಇಂಥ ಮೊದಲ ಪೀಳಿಗೆಯ ಮಿಶ್ರ ಮರಿಗಳು ಗಟ್ಟಿಮುಟ್ಟಾಗಿ ಬೆಳೆಯುತ್ತವೆ. ಅವನ್ನೇ ಮತ್ತೆ ತಮ್ಮೊಳಗೆ ಕೂಡಿಸುತ್ತ ಹೋದರೆ ಆ ಕಸುವು ತಗ್ಗುತ್ತದೆ, ಗುಣಗಳು ಚೆದುರುತ್ತವೆ. ಹುಂಜವನ್ನು ಆಗಾಗ ಬದಲಿಸಬೇಕಾದದ್ದು ಇದಕ್ಕೇ.

ಕೋಳಿಗೂ ಬಾತಿಗೂ ಮರಿ ಹುಟ್ಟೀತೆಂಬ ಭಯವೂ ಬೇಡ, ಆಸೆಯೂ ಬೇಡ. ಮಸ್ಕೋವಿ ಮತ್ತು ಉಳಿದ ಸಾಕುಬಾತುಗಳ ನಡುವೆ ಮರಿ ಹುಟ್ಟುತ್ತವೆ, ಆದರೆ ಅವು ಬಂಜೆ.

ಆದರೂ ಗಂಡು ಬಾತು ಹೇಂಟೆಯ ಮೇಲೇರುತ್ತದೆ. ಜೊತೆ ಸಾಕಣೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡುವ ವಿಷಯ ಇದು. ಹುಂಜಕ್ಕೆ ಹೊರಚಾಚುವ ಜನನಾಂಗವಿಲ್ಲ, ಹಿಂಬಾಗಿಲುಗಳು ತಾಗಿದರೆ ಕೂಡಿಕೆ ಮುಗಿಯಿತು. ಗಂಡು ಬಾತಿಗೆ ಸುರುಳಿಯಾಕಾರದ ಉದ್ದನೆಯ ಅಂಗವಿದೆ. ಹೆಣ್ಣು ಬಾತಿನ ದೇಹ ಅದಕ್ಕೆ ಒಗ್ಗಿದೆ, ಹೇಂಟೆಯ ದೇಹ ಒಗ್ಗಿಲ್ಲ. ಒಳಗಾಯವಾಗಿ ಹೇಂಟೆ ಸಾಯಲೂಬಹುದು, ಹೊರಗೆ ಗುರುತೇ ಇರುವುದಿಲ್ಲ. ಬೆದೆಯ ಕಾಲದಲ್ಲಿ ಹೆಣ್ಣು ಬಾತು ಸಾಲದೆ ಹೋದಾಗ ಗಂಡು ಬಾತು ಹೇಂಟೆಗಳ ಬೆನ್ನು ಹತ್ತುತ್ತದೆ. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಬಾತುಗಳಿರಲಿ. ಅಷ್ಟಿದ್ದೂ ಹೇಂಟೆಯ ಹಿಂದೆ ಬಿದ್ದರೆ ಆ ಗಂಡನ್ನು ಅದೇ ದಿನ ಬೇರೆ ಮಾಡಿ, ನಾಳೆ ನೋಡೋಣ ಎನ್ನಬೇಡಿ. ಗಂಡು ಹೆಣ್ಣು ತಿಳಿಯಲು ದನಿ ಕೇಳಿದರೆ ಸಾಕು: ಮಲ್ಲಾರ್ಡ್ ಮೂಲದ ಬಾತುಗಳಲ್ಲಿ ಗಟ್ಟಿಯಾಗಿ ಕ್ವಾಕ್ ಎನ್ನುವುದು ಹೆಣ್ಣು, ಗಂಡಿನದು ಒಡಕು ಪಿಸುದನಿ. ಬೆಳೆದ ಗಂಡಿನ ಬಾಲದ ಮೇಲೆ ಸುರುಳಿ ಗರಿಯೂ ಮೂಡುತ್ತದೆ.

ಕಾವು ಕೂತ ಕೋಳಿಯ ಕೆಳಗೆ ಬಾತಿನ ಮೊಟ್ಟೆ ಇಡಬಹುದೇ ಎಂದು ಕೇಳುತ್ತಾರೆ. ಇಡಬಹುದು. ಒಳ್ಳೆಯ ಕಾವುಗೋಳಿ ಒಂದು ವಾರ ಹೆಚ್ಚಾದರೂ ಸಾಮಾನ್ಯವಾಗಿ ಏಳುವುದಿಲ್ಲ. ಆ ಹೆಚ್ಚಿನ ವಾರದಲ್ಲಿ ಅದು ಬಡವಾಗದಂತೆ ಮೇವು ನೀರು ಹತ್ತಿರವಿಡುವುದು ನಮ್ಮ ಕೆಲಸ. ಮರಿಗಳು ಅದನ್ನೇ ತಾಯಿಯೆಂದು ಹಿಂಬಾಲಿಸುತ್ತವೆ, ನೀರು ಕಂಡಾಗ ಮಾತ್ರ ಬಿಟ್ಟು ಓಡುತ್ತವೆ. ಇದರ ತಿರುಗುಮುರುಗು ಅಪಾಯ. ಬಾತಿನ ಕೆಳಗೆ ಹುಟ್ಟಿದ ಕೋಳಿಮರಿ ತಾಯಿಯ ಹಿಂದೆ ನೀರಿಗಿಳಿದರೆ ಬದುಕುವುದಿಲ್ಲ.

ಕೊನೆಯದಾಗಿ ಹಕ್ಕಿಜ್ವರ. ಬಾತು ಈ ವೈರಸ್ಸನ್ನು ಮೈಯಲ್ಲಿಟ್ಟುಕೊಂಡೂ ಲಕ್ಷಣ ತೋರದೆ ಓಡಾಡಿಕೊಂಡಿರಬಲ್ಲದು. ಅದೇ ವೈರಸ್ ಕೋಳಿಗಳನ್ನು ಒಂದೆರಡು ದಿನದಲ್ಲೇ ಮಲಗಿಸುತ್ತದೆ. ಕೊಕ್ಕರೆ ರೋಗ, ಅಂದರೆ ಕೋಳಿಗಳ ರಾಣಿಖೇತ್ ರೋಗದಲ್ಲೂ ಹೀಗೇ, ಬಾತು ಹೆಚ್ಚಾಗಿ ತಡೆದುಕೊಳ್ಳುತ್ತದೆ, ಕೋಳಿ ಸಾಯುತ್ತದೆ. ಹಾಗಾಗಿ ಬಾತುಗಳನ್ನು ಕಾಡುಹಕ್ಕಿಗಳು ಇಳಿಯುವ ಕೆರೆ ಕುಂಟೆಗೆ ಮೇಯಲು ಬಿಟ್ಟು ಸಂಜೆ ಕೋಳಿಗಳ ಅಂಗಳಕ್ಕೆ ಕರೆತರುವ ಪದ್ಧತಿ ಬೇಡವೇ ಬೇಡ. ಹೊಸ ಹಕ್ಕಿ ತಂದರೆ, ನೋಡಲು ಎಷ್ಟೇ ಆರೋಗ್ಯವಾಗಿರಲಿ, 30 ದಿನ ಬೇರೆ ಇಡಿ, ಅದರ ಕೆಲಸ ಕೊನೆಗೆ ಮಾಡಿ ಕೈ ಕಾಲು ತೊಳೆಯಿರಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಕೊಯ್ದು ನೋಡದೆ ಪಶುವೈದ್ಯರಿಗೆ ತಿಳಿಸಿ.

ಹೊಸದಾಗಿ ಶುರು ಮಾಡುವವರು ಮೊದಲ ವರ್ಷ ಮೂರೋ ನಾಲ್ಕೋ ಹೆಣ್ಣು ಬಾತುಗಳನ್ನಷ್ಟೇ ತನ್ನಿ, ಮೊಟ್ಟೆಗೆ ಗಂಡು ಬೇಕಿಲ್ಲ. ಖಾಕಿ ಕ್ಯಾಂಪ್‌ಬೆಲ್ ತಳಿಯಾದರೆ ಮೊಟ್ಟೆ ಧಾರಾಳ, ಹೆಚ್ಚಿನವು ಮುಂಜಾನೆಯೇ ನೆಲದ ಮೇಲೆ ಇಟ್ಟಿರುತ್ತವೆ. ಬಾತುಗಳು ಬರುವ ಮೊದಲೇ ಗುಂಡಿ ತೋಡಿ, ಜಲ್ಲಿ ತುಂಬಿ, ಒಂದು ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿಕೊಳ್ಳಿ. ಈಗ ನಿಮ್ಮ ಪ್ರಶ್ನೆಗಳು. ಅಂಗಳದ ಅಳತೆ ಬರೆದುಕೊಂಡು ಬಂದವರು ಯಾರಾದರೂ ಇದ್ದರೆ ಅವರಿಂದಲೇ ಶುರು ಮಾಡೋಣ.