ಬಂಗಲೆ ಚರ್ಚಿನದು, ಮುಪ್ಪು ಪಾದ್ರಿಯದು

ಎಲ್ಲರಿಗೂ ನಮಸ್ಕಾರ.

ಚರ್ಚ್ ಪಕ್ಕದ ಬಂಗಲೆಯಲ್ಲಿ ವಾಸವಾಗಿರುವ ಪಾದ್ರಿಗೆ ಮನೆಯ ಚಿಂತೆ ಏನಿದೆ ಎಂದು ಸಭೆಯವರು ಕೇಳುವುದುಂಟು. ಆ ಬಂಗಲೆ ಹುದ್ದೆಗೆ ಸೇರಿದ್ದು. ನಿವೃತ್ತಿಯಾದರೆ ಬೀಗದ ಕೈ ಒಪ್ಪಿಸಬೇಕು. ಪಾದ್ರಿ ಸೇವೆಯಲ್ಲಿರುವಾಗಲೇ ತೀರಿಕೊಂಡರೆ, ಕಣ್ಣೀರು ಆರುವ ಮೊದಲೇ ಹೆಂಡತಿ ಮಕ್ಕಳು ಬಾಡಿಗೆ ಮನೆ ಹುಡುಕಬೇಕು.

ಅಮೆರಿಕದಲ್ಲಿ ಸರ್ಕಾರ ಇದಕ್ಕೆ ತೆರಿಗೆಯ ದಾರಿಯಲ್ಲಿ ಸ್ವಲ್ಪ ನೆರವಾಗಿದೆ. ಚರ್ಚ್ ಒದಗಿಸುವ ಮನೆಯ ಬಾಡಿಗೆ ಮೌಲ್ಯವನ್ನು 1921ರಲ್ಲಿ ಆದಾಯ ತೆರಿಗೆಯಿಂದ ಹೊರಗಿಟ್ಟರು. 1954ರಲ್ಲಿ ನಗದು ಮನೆ ಭತ್ಯೆಗೂ ಅದನ್ನು ವಿಸ್ತರಿಸಿದರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಈ ಭತ್ಯೆಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೂ ಭತ್ಯೆ ಪಡೆದು ಮನೆ ಕೊಂಡವರ ಹೆಸರಿನಲ್ಲಿ ಆಸ್ತಿ ಬೆಳೆಯುತ್ತದೆ, ಬಂಗಲೆಯಲ್ಲಿ ಆಯುಷ್ಯ ಕಳೆದವರ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ. ಕೊಳ್ಳಲು ಹೊರಟವರಿಗೂ ಮುಂಗಡ ಹೊಂದಿಸುವುದೇ ದೊಡ್ಡ ತೊಡಕು.

ಇಲ್ಲಿ ಭಕ್ತರ ಉಳಿತಾಯಕ್ಕೆ ಕೆಲಸವಿದೆ. ಕಾಣಿಕೆಯಾಗಿ ಅಲ್ಲ, ಹೂಡಿಕೆಯಾಗಿ. ಅಮೆರಿಕದ ಲೂಥರನ್ ಚರ್ಚ್ ಎಕ್ಸ್‌ಟೆನ್ಷನ್ ಫಂಡ್ ಸದಸ್ಯರಿಂದ ಬಡ್ಡಿಗೆ ಹಣ ಪಡೆದು ಚರ್ಚು, ಶಾಲೆಗಳ ಕಟ್ಟಡಕ್ಕೆ ಸಾಲ ಕೊಡುತ್ತದೆ. ಸಭಾಸೇವಕರ ಮನೆಗೂ ಕೊಡುತ್ತದೆ. ಸಂಬಳ, ಭತ್ಯೆ ಎಂದು ಒಡೆದು ಬರುವ ಪಾದ್ರಿಯ ಆದಾಯವನ್ನು ಕಂಡು ಬ್ಯಾಂಕಿನವರು ಹುಬ್ಬೇರಿಸಬಹುದು. ಇಂಥ ನಿಧಿಗೆ ಆ ಲೆಕ್ಕ ಹೊಸದಲ್ಲ.

ಆದರೆ ಸಾಲ ಸಾಲವೇ. ಕಂತು ತಪ್ಪಿದರೆ ಪಾದ್ರಿಯ ಮನೆಯನ್ನು ಜಪ್ತಿ ಮಾಡುವವರು ಯಾರು? ಸಾಲ ಕೊಟ್ಟವರು ಅದೇ ಸಭೆಯ ಹಿರಿಯರಾಗಿದ್ದರೆ, ಭಾನುವಾರ ಅವರ ಎದುರು ನಿಂತು ದುರಾಸೆಯ ವಿರುದ್ಧ ಬಾಯಿ ಬಿಡಲು ಪಾದ್ರಿಗೆ ಧೈರ್ಯ ಬರುತ್ತದೆಯೇ? ನನಗೆ ಅನುಮಾನ. ಆದ್ದರಿಂದ ಸಾಲ ಕೊಡುವ ನಿಧಿ ಸ್ಥಳೀಯ ಸಭೆಯ ಕೈಯಲ್ಲಿರಬಾರದು, ಇಡೀ ಪಂಗಡದ ಮಟ್ಟದಲ್ಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೂಡಿದವರಿಗೂ ಸತ್ಯ ಹೇಳಬೇಕು: ಇಂಥ ನಿಧಿಯಲ್ಲಿಟ್ಟ ಹಣಕ್ಕೆ ಅಮೆರಿಕದಲ್ಲಿ ಬ್ಯಾಂಕ್ ಠೇವಣಿಗಿರುವ ಸರ್ಕಾರಿ ವಿಮೆ ಇಲ್ಲ. ‘ದೇವರ ಕೆಲಸ’ ಎಂಬ ಒಂದೇ ಮಾತಿಗೆ ಮರುಳಾಗಿ ವೃದ್ಧರು ಇಡೀ ಉಳಿತಾಯವನ್ನು ಸುರಿಯುವಂತಾಗಬಾರದು.

ಚರ್ಚಿನ ಉಳಿದ ಹಣ ಎಲ್ಲಿ ದುಡಿಯುತ್ತಿದೆ ಎಂಬುದನ್ನೂ ಕೇಳಬೇಕು. 2013ರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಅತಿ ಹಿರಿಯ ಬಿಷಪ್, ಅಂದರೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಜಸ್ಟಿನ್ ವೆಲ್ಬಿ, ವೊಂಗಾ ಎಂಬ ದುಬಾರಿ ಬಡ್ಡಿಯ ಕಂಪನಿಗೆ ಪೈಪೋಟಿ ಕೊಟ್ಟು ಅದನ್ನು ಮಾರುಕಟ್ಟೆಯಿಂದಲೇ ಓಡಿಸುವೆವೆಂದು ಗುಡುಗಿದ್ದರು. ಅಷ್ಟರಲ್ಲೇ ಚರ್ಚಿನ ಹಣವೇ ಪರೋಕ್ಷವಾಗಿ ಆ ಕಂಪನಿಯಲ್ಲಿ ಇರುವುದು ಬಯಲಾಯಿತು. ನಗಬೇಡಿ, ನಮ್ಮ ನಮ್ಮ ಹೂಡಿಕೆಗಳನ್ನು ಕೆದಕಿದರೆ ಏನೇನು ಸಿಗುವುದೋ!

ಎಲ್ಲರಿಗೂ ಸ್ವಂತ ಮನೆಯೇ ಬೇಕೆಂದೂ ಇಲ್ಲ. ಚರ್ಚ್ ಆಫ್ ಇಂಗ್ಲೆಂಡಿನ ಪಿಂಚಣಿ ಮಂಡಳಿ ನಿವೃತ್ತ ಪಾದ್ರಿಗಳಿಗೆ ಬಾಡಿಗೆಗೆ ಮನೆ ಒದಗಿಸುತ್ತದೆ. ಪದೇ ಪದೇ ವರ್ಗವಾಗುವವರಿಗೆ ನಡುವಯಸ್ಸಿನಲ್ಲಿ ಸಾಲದ ಹೊರೆಗಿಂತ ಇದೇ ವಾಸಿ.

ಇನ್ನು ಸಾಲವನ್ನೇ ಆರಿಸಿಕೊಳ್ಳುವುದಾದರೆ, ಸಹಿ ಹಾಕುವ ಮುನ್ನ ಪತ್ರದಲ್ಲಿ ಎರಡು ಸಾಲುಗಳನ್ನು ಹುಡುಕಿ. ಪಾದ್ರಿ ಸೇವೆ ಬಿಟ್ಟರೆ ಬಡ್ಡಿ ಏನಾಗುತ್ತದೆ, ಪಾದ್ರಿ ತೀರಿಕೊಂಡರೆ ಅದೇ ಷರತ್ತಿನ ಮೇಲೆ ಅವರ ಹೆಂಡತಿ ಕಂತು ಮುಂದುವರಿಸಬಹುದೇ. ಎರಡನೆಯದು ಪತ್ರದಲ್ಲಿ ಇಲ್ಲದಿದ್ದರೆ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಸಾಲದು.