ಸಿಕ್ಕಿದವರಿಗೆ ಸೀರುಂಡೆಯೇ?

ಮಾನ್ಯರೆ,

ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ತಿರುಗಾಡಿದವರ ಕಿವಿಗೆ ಎರಡು ಮಾತುಗಳು ಬಿದ್ದಿರುತ್ತವೆ. ಮೊದಲನೆಯದು ಮೈಕಿನಿಂದ ಬರುವ, 'ಕಾಲ್ಗೆಜ್ಜೆಯೊಂದು ಸಿಕ್ಕಿದೆ, ಕಳೆದುಕೊಂಡವರು ಗುರುತು ಹೇಳಿ ಒಯ್ಯಿರಿ' ಎಂಬ ಕೂಗು. ಇನ್ನೊಂದು, ಧೂಳಿನಲ್ಲಿ ನಾಣ್ಯ ಕಂಡ ಹುಡುಗನು ಮುಷ್ಟಿ ಬಿಗಿ ಮಾಡಿ ಹೇಳುವ 'ಸಿಕ್ಕಿದವರಿಗೆ ಸೀರುಂಡೆ' ಎಂಬ ಗಾದೆ. ಒಂದಕ್ಕೊಂದು ಎದುರಾಗಿರುವ ಈ ಎರಡು ಮಾತುಗಳನ್ನು ಕುರಿತೇ ನಾನು ಇಂದು ಮಾತನಾಡಬೇಕೆಂದಿದ್ದೇನೆ.

ಸೀರುಂಡೆ ಎಂದರೆ ಸಿಹಿಯುಂಡೆ. ದೊರೆತವನ ಅದೃಷ್ಟವನ್ನು ಹೊಗಳುವ ಈ ಗಾದೆಯಲ್ಲಿ ಕಳೆದುಕೊಂಡವನ ಸುದ್ದಿಯೇ ಇಲ್ಲ. ಆದರೆ ಅದರ ಮೊದಲ ಪದವನ್ನು ಸ್ವಲ್ಪ ನಿಂತು ನೋಡಬೇಕು. ಕನ್ನಡದಲ್ಲಿ ನಾವು 'ನನಗೆ ಸಿಕ್ಕಿತು' ಎನ್ನುತ್ತೇವೆ. ಇಲ್ಲಿ ಕರ್ತೃ ವಸ್ತು; ನಾನು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತವನು. ಸಿಕ್ಕು ಎಂಬುದಕ್ಕೆ ತೊಡಕು ಎಂಬ ಅರ್ಥವೂ ಉಂಟು. 'ನನಗೆ ಸಿಕ್ಕಿತು' ಎಂಬ ಮಾತು 'ನನ್ನದಾಯಿತು' ಎಂಬ ಮಾತಿಗೆ ಇನ್ನೂ ಬಹಳ ದೂರದಲ್ಲಿದೆ ಎಂದೇ ನನ್ನ ಅಭಿಪ್ರಾಯ.

ಇಂಗ್ಲಿಷರಲ್ಲಿಯೂ ಇಂತಹದೇ ಮಾತಿದೆ. ಉತ್ತರ ಇಂಗ್ಲೆಂಡಿನ ಪದಗಳನ್ನು ಕೂಡಿಸಿ 1825ರಲ್ಲಿ ಪ್ರಕಟಿಸಿದ ಕೋಶವೊಂದರಲ್ಲಿ ಅದರ ರೂಪ, 'ಸಿಕ್ಕವನು ಇಟ್ಟುಕೊಳ್ಳಲಿ, ಕಳೆದುಕೊಂಡವನು ಹುಡುಕಲಿ' ಎಂದು. 'ಹುಡುಕಲಿ' ಎಂಬಲ್ಲಿ ಇಂದು 'ಅಳಲಿ' ಎಂದು ಸೇರಿರುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ, ಏಕೆಂದರೆ ಹುಡುಕುವವನಿಗೆ ಇನ್ನೂ ಆಸೆ ಉಳಿದಿರುತ್ತದೆ.

ನ್ಯಾಯಶಾಸ್ತ್ರವು ಈ ಗಾದೆಯನ್ನು ಅರ್ಧ ಮಾತ್ರ ಒಪ್ಪಿದೆ. 1722ರಲ್ಲಿ ಲಂಡನ್ನಿನ ನ್ಯಾಯಾಲಯವೊಂದು, ಹೊಗೆಗೂಡು ಗುಡಿಸುವ ಬಾಲಕನಿಗೆ ಸಿಕ್ಕಿದ ಒಡವೆಯ ಹರಳುಗಳನ್ನು ಅಕ್ಕಸಾಲಿಗನು ಮರಳಿ ಕೊಡದೆ ಹೋದಾಗ, ನಿಜವಾದ ಒಡೆಯನೊಬ್ಬನನ್ನು ಬಿಟ್ಟು ಉಳಿದೆಲ್ಲರ ಎದುರು ಬಾಲಕನ ಹಕ್ಕೇ ಮೇಲು ಎಂದು ತೀರ್ಪಿತ್ತಿತು. ನಮ್ಮ 1872ರ ಕರಾರು ಕಾಯ್ದೆಯ 71ನೆಯ ಕಲಮು, ಸಿಕ್ಕ ವಸ್ತುವನ್ನು ತೆಗೆದುಕೊಂಡವನ ಮೇಲೆ, ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವನ ಹೊಣೆಯನ್ನೇ ಹೊರಿಸುತ್ತದೆ. ಮನುಸ್ಮೃತಿಯಂತೂ ಒಡೆಯನು ಯಾರೆಂದು ತಿಳಿಯದ ಸೊತ್ತನ್ನು ಅರಸನು ಮೂರು ವರ್ಷ ಕಾದಿಡಬೇಕೆಂದು ವಿಧಿಸಿತು.

ಇವೆಲ್ಲಕ್ಕಿಂತ ಆಳವಾದ ಮಾತು ಹನ್ನೆರಡನೆಯ ಶತಮಾನದ ವಚನಕಾರ್ತಿ ಸತ್ಯಕ್ಕನದು. ಅಂಗಳ ಗುಡಿಸುವುದು ಆಕೆಯ ಕಾಯಕ. ಬಿದ್ದದ್ದು ಎಲ್ಲರಿಗಿಂತ ಮೊದಲು ಕಾಣುವುದು ಕಸಬರಿಗೆ ಹಿಡಿದವರಿಗೆ ಅಲ್ಲವೆ? ಆಕೆ ಹೇಳುತ್ತಾಳೆ: 'ಬಟ್ಟೆಯಲ್ಲಿ ಹೊನ್ನ ವಸ್ತ್ರ ಬಿದ್ದಿದ್ದಡೆ ಕೈಮುಟ್ಟಿ ಎತ್ತಿದೆನಾದಡೆ ನಿಮ್ಮಾಣೆ.' ಬಟ್ಟೆ ಎಂದರೆ ಇಲ್ಲಿ ದಾರಿ. ಅದೇ ವಚನದ ಮುಂದಿನ ಸಾಲುಗಳಲ್ಲಿ ಆಕೆ ಬಳಸುವ ಪದ 'ಪರದ್ರವ್ಯ'. ಒಡೆಯನು ಕಣ್ಣಿಗೆ ಕಾಣದಿದ್ದರೂ ದಾರಿಯ ಮೇಲಿನ ಹೊನ್ನು ಆಕೆಗೆ ಬೇರೊಬ್ಬರದೇ. ಲಂಡನ್ನಿನ ಬಾಲಕನಂತೆ ಆಕೆಯೂ ಗುಡಿಸುವವಳೇ. ಆತನಿಗೆ ನ್ಯಾಯಾಲಯವು ಹಕ್ಕನ್ನು ಕೊಟ್ಟಿತು, ಆಕೆ ಎತ್ತಿಕೊಳ್ಳುವ ಹಕ್ಕನ್ನೇ ತಾನಾಗಿ ಬಿಟ್ಟುಕೊಟ್ಟಳು.

ಇದೇ ಊರಿನಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರನ್ನು ನಾನು ಇಲ್ಲಿ ನೆನೆಯಲೇಬೇಕು. ಮನೆಮನೆಗಳ ಜಗಲಿಯ ಮೇಲೆ, ಗಂಟುಗಳಲ್ಲಿ ಮುಚ್ಚಿಹೋಗಿದ್ದ ವಚನಗಳ ತಾಡೋಲೆಗಳು ಅವರಿಗೆ ಸಿಕ್ಕವು. ಅವರು ಅವನ್ನು ಓದಿ, ಪ್ರತಿ ಮಾಡಿ, ಒಂದರೊಡನೊಂದನ್ನು ಹೋಲಿಸಿ, 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಬಳಿಕ ಇಲ್ಲಿಯೇ ತಮ್ಮದೊಂದು ಮುದ್ರಣಾಲಯವನ್ನು ತೆರೆದು, ಸಿಕ್ಕಿದ್ದನ್ನೆಲ್ಲ ಕನ್ನಡಿಗರ ಕೈಗೆ ಒಪ್ಪಿಸುತ್ತಲೇ ಹೋದರು.