ಪಹಣಿ ಕಂಪ್ಯೂಟರ್ ಸೇರಿತು, ಲೆಕ್ಕಿಗರ ಕೆಲಸ ಏನಾಯ್ತು?

(ಪರದೆ: ಕೈಬರಹದ ಹಳೇ ಪಹಣಿ)

ನಮಸ್ಕಾರ. ಈ ಹಾಳೆ ನೋಡಿ. ಇದು ಪಹಣಿ, ಅಂದರೆ ಜಮೀನಿನ ದಾಖಲೆ. ಸರ್ವೆ ನಂಬರ್, ಹಿಸ್ಸಾ, ಖರಾಬು, ಕಂದಾಯ, ಸಾಲ, ಬೆಳೆ ಎಲ್ಲವೂ ಇದರಲ್ಲೇ ಇದೆ. ಪಹಣಿಗಳನ್ನು ಕಂಪ್ಯೂಟರಿಗೆ ಹಾಕುವ ‘ಭೂಮಿ’ ಯೋಜನೆ ಬರುವ ತನಕ ಕರ್ನಾಟಕದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು ಇದನ್ನು ಕೈಯಲ್ಲೇ ಬರೆಯುತ್ತಿದ್ದರು. ಬರೆಯುವವರೂ ಅವರೇ, ಕಾಯುವವರೂ ಅವರೇ, ನಕಲು ಕೊಡುವವರೂ ಅವರೇ. ಆ ಪುಸ್ತಕಕ್ಕಿದ್ದ ಗತ್ತು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು.

(ಪರದೆ: ತಾಲ್ಲೂಕು ಕಚೇರಿಯ ಭೂಮಿ ಕೇಂದ್ರ)

ಆಮೇಲೆ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 2002ರ ಹೊತ್ತಿಗೆ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುತ್ತಿತ್ತು. ಕೈಬರಹದ್ದು ನಡೆಯಲಿಲ್ಲ. ಸಿಬ್ಬಂದಿ ಬೆರಳಿನ ಗುರುತು ಕೊಟ್ಟೇ ಕಂಪ್ಯೂಟರಿನ ದಾಖಲೆ ತೆರೆಯಬೇಕು. ಮೊದಲು ಬಂದ ಖಾತೆ ಬದಲಾವಣೆ ಅರ್ಜಿಯನ್ನು ಮೊದಲು ಮುಗಿಸಬೇಕು. ಸಹಿ, ಮೊಹರು ಬಲ್ಲವರು ಮೌಸ್ ಹಿಡಿಯಲು ಕಲಿತರು.

ಹಾಗಾದರೆ ಹಳೇ ವಿದ್ಯೆ ದಂಡವಾಯ್ತಾ? ಇಲ್ಲ. ಅಕ್ಷರ ಬರೆಯುವ ಕೆಲಸವಷ್ಟೇ ಹೋಯಿತು. ತಾತ ತೀರಿಕೊಂಡು ವರ್ಷಗಳಾದರೂ ಜಮೀನು ಅವರ ಹೆಸರಲ್ಲೇ ಇದ್ದರೆ, ವಾರಸುದಾರರು ಯಾರು ಅಂತ ಕಂಪ್ಯೂಟರ್ ಹೇಳುವುದಿಲ್ಲ. ಊರಿಗೆ ಹೋಗಿ ವಿಚಾರಿಸಬೇಕು, ವಂಶವೃಕ್ಷ ನೋಡಬೇಕು. ಟೈಪ್ ಮಾಡುವಾಗ ಗುಂಟೆ ತಪ್ಪಿದ್ದರೆ ಹಳೇ ಪುಸ್ತಕದ ಕೈಬರಹ ಓದಲು ಬರಬೇಕು. ನನ್ನ ಪ್ರಕಾರ ಡಿಜಿಟಲ್ ತರಬೇತಿಯಲ್ಲಿ ಜಾಸ್ತಿ ಸೊರಗುವುದು ಇದೇ. ಯಾವ ಬಟನ್ ಒತ್ತಬೇಕು ಅಂತ ಹೇಳಿಕೊಡುತ್ತಾರೆ, ಒತ್ತುವ ಮುಂಚೆ ಏನು ನೋಡಬೇಕು ಅನ್ನುವುದನ್ನು ಬಿಡುತ್ತಾರೆ.

(ಪರದೆ: ಫೋನ್ ತುಂಬ ಆ್ಯಪ್‌ಗಳು)

ಈಗ ಕಚೇರಿ ಫೋನಿಗೇ ಬಂದಿದೆ. ಸರ್ವೆ ನಂಬರ್ ಹುಡುಕಲು ದಿಶಾಂಕ್, ಬೆಳೆ ಸಮೀಕ್ಷೆಗೆ ಇನ್ನೊಂದು, ಹೀಗೆ ಸಾಲು ಸಾಲು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಅದೇ ಲೆಕ್ಕಿಗರು, ಆ್ಯಪ್‌ಗಳ ಹೊರೆ ತಾಳಲಾರದೆ ಮುಷ್ಕರ ಮಾಡಿದರು. ಕೇಳಿದ್ದೇನು? ಕಂಪ್ಯೂಟರ್, ಮೇಜು, ಕುರ್ಚಿಯಂಥ ಸೌಲಭ್ಯ! ಕೂರಲು ಜಾಗವಿಲ್ಲದೆ ಕೌಶಲ ಬೆಳೆಯುವುದು ಹೇಗೆ, ಅಲ್ವಾ?

ಇನ್ನೊಂದು ಕಡೆ ಊರಿನ ಹುಡುಗರು ಹೊಲ ಹೊಲಕ್ಕೆ ಹೋಗಿ ಬೆಳೆ ಫೋಟೊ ತೆಗೆದು ಒಂದಿಷ್ಟು ಸಂಪಾದಿಸುತ್ತಾರೆ. ಕಡತದಲ್ಲಿ ಇವರ ಹೆಸರು ‘ಖಾಸಗಿ ನಿವಾಸಿ’. 2020ರ ಮುಂಗಾರಿನಿಂದ ರೈತರೇ ಆ ಫೋಟೊ ಹಾಕಬಹುದು. ಜಿಪಿಎಸ್ ಹೊಲದ ಗಡಿ ತೋರಿಸುತ್ತದೆ, ನಿಜ. ಆದರೆ ರಾಗಿ ನಡುವೆ ಅವರೆ ಅಕ್ಕಡಿ ಸಾಲು ಹಾಕಿದ್ದರೆ ಎರಡನ್ನೂ ಗುರುತಿಸಿ ದಾಖಲಿಸುವುದು ಫೋನ್ ಹಿಡಿದವರ ಕೆಲಸವೇ.